ವಕಾಲತ್ತಿಗೆ ನೂರು ಸಹಿ: ಮಾನವ ಹಕ್ಕುಗಳ ವಕೀಲರ ಗುಂಪುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಠಾಣೆಯ ಗೇಟಿನ ಹತ್ತಿರ, ಜೈಲಿನ ಸಂದರ್ಶನದ ಸಾಲಿನಲ್ಲಿ, ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಜನ ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವರು ಗಾಬರಿಯಿಂದ ಕೇಳುತ್ತಾರೆ, ಕೆಲವರು ಸಿಟ್ಟಿನಿಂದ. ಎರಡೂ ಬಗೆಯವು ಇಲ್ಲಿವೆ. ಸೆಕ್ಷನ್ ನಂಬರುಗಳು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯವು. ಅದಕ್ಕೂ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಹಳೆಯ ಸಿಆರ್‌ಪಿಸಿ, ಬಾಯಿಪಾಠ ಇದ್ದವರು ಈಗಲೂ ಹೊಸ ನಂಬರಿಗೆ ತಡವರಿಸುತ್ತಾರೆ, ನಾವೂ ಅಷ್ಟೆ. ನಿಮ್ಮ ಮನೆಯವರು ಈಗ ಠಾಣೆಯಲ್ಲಿದ್ದರೆ ಉಳಿದದ್ದನ್ನು ಬಿಟ್ಟು ಐದನೆಯ ಪ್ರಶ್ನೆಗೆ ಹೋಗಿ.

1. ನೀವು ವಕೀಲರ ಸಂಘದವರಾ?

ಅಲ್ಲ. ಈ ಗೊಂದಲ ತುಂಬಾ ಇದೆ, ಬಿಡಿಸಿ ಹೇಳುತ್ತೇವೆ. ವಕೀಲರ ಸಂಘ ಪ್ರತಿ ತಾಲ್ಲೂಕು, ಜಿಲ್ಲಾ ಕೋರ್ಟಿನಲ್ಲಿ ಇರುತ್ತದೆ. ಅಲ್ಲಿ ವೃತ್ತಿ ಮಾಡುವವರೆಲ್ಲ ಅದರ ಸದಸ್ಯರು, ಅದರ ಕೆಲಸ ವಕೀಲರ ಹಿತ ನೋಡುವುದು. ರಾಜ್ಯ ವಕೀಲರ ಪರಿಷತ್ತು 1961ರ ವಕೀಲರ ಕಾಯ್ದೆಯ ಪ್ರಕಾರ ಸನ್ನದು (ವಕೀಲಿ ಮಾಡುವ ಪರವಾನಗಿ) ಕೊಡುವ, ತಪ್ಪು ಮಾಡಿದ ವಕೀಲರ ಮೇಲೆ ಶಿಸ್ತುಕ್ರಮ ನಡೆಸುವ ಸಂಸ್ಥೆ. ಕಾನೂನು ಸೇವಾ ಪ್ರಾಧಿಕಾರ ಸರ್ಕಾರದ ಹಣದಲ್ಲಿ ಉಚಿತ ನೆರವು ಕೊಡುವ ಶಾಸನಬದ್ಧ ಸಂಸ್ಥೆ.

ನಾವು ಈ ಮೂರರಲ್ಲಿ ಯಾವುದೂ ಅಲ್ಲ. ಒಂದೇ ಬಗೆಯ ಕೇಸುಗಳನ್ನು ಒಟ್ಟಾಗಿ ಹಿಡಿಯೋಣ ಎಂದು ತಾವಾಗಿಯೇ ಸೇರಿಕೊಂಡ ವಕೀಲರು. ದೇಶದಲ್ಲಿ ಇಂಥ ಗುಂಪುಗಳು ಹಲವಾರಿವೆ. ಮುಂಬೈ, ದೆಹಲಿಗಳಲ್ಲಿ ಬೆಳೆದ ಲಾಯರ್ಸ್ ಕಲೆಕ್ಟಿವ್ 1981ರದು, ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್ 1989ರದು, ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ 2000ದ್ದು. ಪಿಯುಸಿಎಲ್‌ನಂಥ ನಾಗರಿಕ ಸ್ವಾತಂತ್ರ್ಯದ ಸಂಘಟನೆಗಳಲ್ಲಿ ವಕೀಲರ ಜೊತೆ ಮೇಷ್ಟ್ರು, ಪತ್ರಕರ್ತರು, ಡಾಕ್ಟರು ಎಲ್ಲ ಇರುತ್ತಾರೆ. ಇನ್ನು ಜಿಲ್ಲಾ ಮಟ್ಟದಲ್ಲಿ ಹೆಸರು, ಬೋರ್ಡು, ರಿಜಿಸ್ಟ್ರೇಷನ್ ಏನೂ ಇಲ್ಲದ ಗುಂಪುಗಳಿವೆ. ಇದ್ದದ್ದು ಒಂದು ವಾಟ್ಸಾಪ್ ಗ್ರೂಪು ಮತ್ತು ಯಾರದೋ ಛೇಂಬರಿನ ಬೆಂಚು. ನಮ್ಮದು ಈ ಕೊನೆಯ ಜಾತಿಯದು.

ಒಂದು ಎಚ್ಚರಿಕೆ. ಕಾರಿನ ಮೇಲೆ ‘ಮಾನವ ಹಕ್ಕುಗಳು’ ಎಂದು ಕೆಂಪಕ್ಷರದ ಬೋರ್ಡು ಹಾಕಿಕೊಂಡು, ದುಡ್ಡು ಇಸಿದುಕೊಂಡು ಐಡಿ ಕಾರ್ಡು ಹಂಚುವವರು ಊರೂರಿಗೂ ಇದ್ದಾರೆ. ಆ ಕಾರ್ಡಿಗೆ ಠಾಣೆಯಲ್ಲಾಗಲಿ ಕೋರ್ಟಿನಲ್ಲಾಗಲಿ ಯಾವ ಬೆಲೆಯೂ ಇಲ್ಲ. ನಿಮ್ಮ ಪರ ಕೋರ್ಟಿನಲ್ಲಿ ಬಾಯಿ ತೆರೆಯಬೇಕಾದರೆ ಬೇಕಾದ್ದು ಸನ್ನದು ಮತ್ತು ನೀವು ಸಹಿ ಹಾಕಿದ ವಕಾಲತ್ತು, ಅಂದರೆ ನನ್ನ ಪರ ಇವರು ವಾದಿಸಲಿ ಎಂಬ ಕಾಗದ.

2. ಒಳ್ಳೆಯ ವಕೀಲರು ಒಬ್ಬರು ಸಾಲದೇ? ಗುಂಪು ಯಾಕೆ?

ಜಮೀನಿನ ವ್ಯಾಜ್ಯಕ್ಕೆ, ಚೆಕ್ ಬೌನ್ಸಿಗೆ ಒಬ್ಬರು ಸಾಕು. ಇಡೀ ಊರೇ ನಿಮ್ಮ ಕಕ್ಷಿದಾರನ ಮೇಲೆ ಸಿಟ್ಟಾಗಿರುವಾಗ ಒಬ್ಬರು ಸಾಲುವುದಿಲ್ಲ.

2020ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ ಒಂದು ಪ್ರತಿಭಟನೆಯಲ್ಲಿ ಯುವತಿಯೊಬ್ಬಳು ಹಿಡಿದ ಫಲಕದ ಮೇಲೆ ದೇಶದ್ರೋಹದ ಕೇಸು ದಾಖಲಾಯಿತು. ಅಲ್ಲಿನ ವಕೀಲರ ಸಂಘ ಆಕೆಯ ಪರ ಯಾರೂ ವಾದಿಸಬಾರದು ಎಂದು ನಿರ್ಣಯ ಮಾಡಿತು. ಆಗ ಬೆಂಗಳೂರು ಮತ್ತು ಬೇರೆ ಊರುಗಳ ನೂರಕ್ಕೂ ಹೆಚ್ಚು ವಕೀಲರು ಆಕೆಯ ವಕಾಲತ್ತಿಗೆ ಸಹಿ ಹಾಕಿದರು. ವಾದ ಮಾಡುವುದಕ್ಕೆ ನೂರು ಜನ ಬೇಕಿಲ್ಲ, ಒಬ್ಬರೇ ಮಾಡುವುದು. ಆದರೆ ಒಂದೇ ಹೆಸರಿದ್ದರೆ ಆ ಹೆಸರಿನವರ ಮನೆ ಎಲ್ಲಿ, ಮಕ್ಕಳು ಯಾವ ಸ್ಕೂಲು ಎಂದು ಹುಡುಕುವವರಿರುತ್ತಾರೆ. ನೂರು ಹೆಸರಿದ್ದರೆ ಯಾರನ್ನು ಅಂತ ಹುಡುಕುವುದು? ಆಕೆಗೆ ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಸಿಕ್ಕಿತು.

ಮರು ತಿಂಗಳೇ ಹುಬ್ಬಳ್ಳಿ. ಮೂವರು ಕಾಶ್ಮೀರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಕೇಸು, ಅಲ್ಲೂ ಸಂಘದ ಅದೇ ನಿರ್ಣಯ. ಬೆಂಗಳೂರಿನ ವಕೀಲರ ಗುಂಪೊಂದು ಆ ನಿರ್ಣಯವನ್ನೇ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅಭಯ್ ಓಕಾ. ಪೊಲೀಸ್ ರಕ್ಷಣೆ ಕೊಡಲು ಕೋರ್ಟು ಹೇಳಿತು. ಆ ರಕ್ಷಣೆಯಲ್ಲೇ ಜಾಮೀನು ಅರ್ಜಿ ಹಿಡಿದು ಧಾರವಾಡದ ಕೋರ್ಟಿಗೆ ಹೋದ ವಕೀಲರ ಮೇಲೆ ಕೂಗಾಡಿದವರು ಬೀದಿಯ ಪುಂಡರಲ್ಲ, ಕರಿ ಕೋಟಿನವರೇ. ನಮ್ಮ ವೃತ್ತಿಯವರ ಬಗ್ಗೆ ಹೀಗೆ ಬರೆಯಲು ಖುಷಿಯೇನಿಲ್ಲ.

ಇಂಥ ನಿರ್ಣಯಗಳು ಕಾನೂನಿನ ಕಣ್ಣಲ್ಲಿ ಕಸ. 2010ರಲ್ಲೇ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ, ಅಸಿಂಧು ಎಂದು ಹೇಳಿದೆ. ಸಂವಿಧಾನದ 22(1)ನೇ ವಿಧಿ ಬಂಧಿತನಿಗೆ ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಆದರೆ ಆ ಊರಿನ ಒಬ್ಬ ವಕೀಲರೂ ವಕಾಲತ್ತು ಮುಟ್ಟದಿದ್ದರೆ ಆ ವಿಧಿ ಪುಸ್ತಕದಲ್ಲೇ ಇರುತ್ತದೆ. ಗುಂಪು ಬೇಕಾಗುವುದು ಅಲ್ಲಿ.

3. ಕೊಲೆಗಾರರ, ಭಯೋತ್ಪಾದಕರ ಪರ ನಿಲ್ಲುತ್ತೀರಲ್ಲ, ನಾಚಿಕೆ ಆಗಲ್ವಾ?

ಇದನ್ನು ನಮ್ಮ ಮನೆಯ ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ನಾವು ಕೊಲೆಯ ಪರ ನಿಲ್ಲುವುದಿಲ್ಲ. ಕೊಲೆ ಮಾಡಿದ ಎಂದು ಪೊಲೀಸರು ಹೇಳುತ್ತಿರುವ ಮನುಷ್ಯನ ಪಕ್ಕ ನಿಲ್ಲುತ್ತೇವೆ. ಈ ಎರಡರ ನಡುವೆ ಎಷ್ಟು ದೂರವಿದೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ಕಥೆ ಇದೆ, ಸ್ವಲ್ಪ ಉದ್ದ.

1993ರ ಏಪ್ರಿಲ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪಾಲಾರ್ ಹತ್ತಿರ ವೀರಪ್ಪನ್ ಗುಂಪು ಹೂತಿಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. ಭೀಕರ ಕೃತ್ಯ, ಎರಡು ಮಾತಿಲ್ಲ. ಆಮೇಲೆ ಎರಡು ರಾಜ್ಯಗಳ ಜಂಟಿ ಕಾರ್ಯಪಡೆ ಕಾಡಂಚಿನ ಹಳ್ಳಿಗಳಿಗೆ ನುಗ್ಗಿತು. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಹೆಣ್ಣುಮಕ್ಕಳು, ಮುದುಕರು ಸೇರಿ ನೂರಕ್ಕೂ ಹೆಚ್ಚು ಜನ ಮೈಸೂರು ಜೈಲು ಸೇರಿದರು. ವರ್ಷಗಟ್ಟಲೆ ಒಳಗಿದ್ದವರಲ್ಲಿ ಬಹುಪಾಲು ಜನರನ್ನು 2001ರಲ್ಲಿ ಟಾಡಾ ಕೋರ್ಟು ನಿರ್ದೋಷಿಗಳೆಂದು ಬಿಟ್ಟಿತು. ಅಷ್ಟು ಹೊತ್ತಿಗೆ ಅವರ ಮಕ್ಕಳು ದೊಡ್ಡವರಾಗಿದ್ದರು. ಕಾರ್ಯಪಡೆಯ ಶಿಬಿರಗಳಲ್ಲಿ ನಡೆದ ಚಿತ್ರಹಿಂಸೆಯ ದೂರುಗಳನ್ನು ಹಕ್ಕುಗಳ ಸಂಘಟನೆಗಳು ಎತ್ತಿಕೊಂಡವು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು, ಕೊನೆಗೆ 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದಿತು.

ಇನ್ನು ಶಿಕ್ಷೆಯಾದವರು. ನಾಲ್ವರಿಗೆ ಟಾಡಾ ಕೋರ್ಟು ಕೊಟ್ಟದ್ದು ಜೀವಾವಧಿ. ಅವರು ಮೇಲ್ಮನವಿ ಹಾಕಿದರೆ 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ರಾಷ್ಟ್ರಪತಿ ಭವನದಲ್ಲಿ 9 ವರ್ಷ ಕೂತಿತ್ತು. 2013ರ ಫೆಬ್ರುವರಿಯಲ್ಲಿ ತಿರಸ್ಕಾರವಾಯಿತು, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಗಲ್ಲಿನ ಸಿದ್ಧತೆಯ ಸುದ್ದಿ ಬಂತು. ಮಾನವ ಹಕ್ಕುಗಳ ವಕೀಲರು ದೆಹಲಿಯಲ್ಲಿ ರಾತ್ರಿ ಹಗಲು ಓಡಾಡಿ ತಡೆಯಾಜ್ಞೆ ತಂದರು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ನಾಲ್ವರೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕಾರಣವಿಲ್ಲದೆ ವರ್ಷಗಟ್ಟಲೆ ಸಾವಿನ ನೆರಳಲ್ಲಿ ಕೂರಿಸುವುದೇ ಚಿತ್ರಹಿಂಸೆ ಎಂಬುದು ಅದರ ತಿರುಳು.

ಇದರಲ್ಲಿ ನಾಚಿಕೆಪಡುವ ಭಾಗ ಯಾವುದು ಎಂದು ನಾವು ವಾಪಸ್ ಕೇಳುತ್ತೇವೆ. ಪಂಕ್ತಿಯಲ್ಲಿ ಕೇಳಿದವರು ಅಷ್ಟು ಹೊತ್ತಿಗೆ ಪಾಯಸಕ್ಕೆ ಬಂದಿರುತ್ತಾರೆ.

4. ಈ ಕೆಲಸ ಯಾವಾಗಿನಿಂದ ನಡೆಯುತ್ತಿದೆ?

ಸ್ವಾತಂತ್ರ್ಯಕ್ಕಿಂತ ಮೊದಲಿನಿಂದ. 1936ರಲ್ಲಿ ನೆಹರೂ ಮುಂದೆ ನಿಂತು ಇಂಡಿಯನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಕಟ್ಟಿದರು, ಅದರ ಗೌರವ ಅಧ್ಯಕ್ಷರು ರವೀಂದ್ರನಾಥ ಟ್ಯಾಗೋರ್. 1945ರಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳನ್ನು ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಲ್ಲಿಸಿದಾಗ ಭೂಲಾಭಾಯಿ ದೇಸಾಯಿ, ತೇಜ್ ಬಹಾದ್ದೂರ್ ಸಪ್ರು, ಕೈಲಾಸನಾಥ ಕಾಟ್ಜು, ಅಸಫ್ ಅಲಿ ಒಟ್ಟಾಗಿ ನಿಂತರು. ಎಷ್ಟೋ ವರ್ಷ ಪೆಟ್ಟಿಗೆಯಲ್ಲಿದ್ದ ಗೌನನ್ನು ನೆಹರೂ ಮತ್ತೆ ಹಾಕಿಕೊಂಡರು. ಅಂದಿನ ಸರ್ಕಾರದ ಲೆಕ್ಕದಲ್ಲಿ ಆ ಕಕ್ಷಿದಾರರೂ ರಾಜದ್ರೋಹಿಗಳೇ.

ನಮ್ಮ ಊರಿನ ಅಧ್ಯಾಯ ತುರ್ತುಪರಿಸ್ಥಿತಿಯದು. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಡ್ವಾಣಿ, ಮಧು ದಂಡವತೆ, ಶ್ಯಾಮ್ ನಂದನ್ ಮಿಶ್ರ, ವಾಜಪೇಯಿ ಅವರನ್ನು ಇಲ್ಲೇ ಬಂಧಿಸಿದರು. ಅವರ ಪರ ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತರನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ, ಬಿತ್ತು. ವಾದಕ್ಕೆ ಮುಂಬೈಯಿಂದ ಎಂ.ಸಿ. ಛಾಗ್ಲಾ ಬಂದರು. ಇಲ್ಲಿ ಕೇಸಿನ ಕೆಲಸ ಹೊತ್ತಿದ್ದ ಎಂ. ರಾಮಾ ಜೋಯಿಸರನ್ನು ಸ್ವಲ್ಪ ಕಾಲದಲ್ಲೇ ಬಂಧಿಸಿದರು. ವಕೀಲರೂ ಕಕ್ಷಿದಾರರೂ ಒಂದೇ ಸೆಂಟ್ರಲ್ ಜೈಲಿನಲ್ಲಿ. ಅರ್ಜಿಯನ್ನು ಕೇಳಬಹುದು ಎಂದ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ 1976ರಲ್ಲಿ ಅಲಹಾಬಾದಿಗೂ ಗುವಾಹಟಿಗೂ ವರ್ಗವಾದರು. ದೇಶದ ಒಂಬತ್ತು ಹೈಕೋರ್ಟುಗಳು ಬಂಧಿತರ ಪರ ಹೇಳಿದ್ದನ್ನು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಲ್ಲಿ ತಳ್ಳಿಹಾಕಿತು. ಆ ‘ಒಂದು’ ಎಚ್.ಆರ್. ಖನ್ನಾ. ಜಯಪ್ರಕಾಶ ನಾರಾಯಣರು ಪಿಯುಸಿಎಲ್ ಕಟ್ಟಿದ್ದು ಅದೇ ವರ್ಷ.

ಸೋತ ಆ ವಾದ 41 ವರ್ಷದ ಮೇಲೆ ಗೆದ್ದಿತು. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 1976ರ ತನ್ನ ತೀರ್ಪನ್ನು ರದ್ದು ಮಾಡಿತು. ಆ ಕೇಸಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಲ್ಲಿಂದ ಎಲ್ಲಿಗೆ ಕೊಂಡಿ ನೋಡಿ.

5. ಮನೆಯವರನ್ನು ಪೊಲೀಸರು ಎತ್ತಿಕೊಂಡು ಹೋಗಿದ್ದಾರೆ. ಮೊದಲು ಏನು ಮಾಡಬೇಕು?

ಗಂಟೆ ಬರೆದಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ, ಎಲ್ಲಿಂದ, ಎಷ್ಟು ಜನ ಬಂದಿದ್ದರು, ಯೂನಿಫಾರ್ಮ್ ಇತ್ತೋ ಮಫ್ತಿಯೋ, ಗಾಡಿ ನಂಬರು ಏನು. ನಮ್ಮ ಅನುಭವದಲ್ಲಿ ಇಡೀ ಕೇಸನ್ನು ನಿಲ್ಲಿಸಿದ ಅಥವಾ ಕೆಡವಿದ ದಾಖಲೆ ಎಷ್ಟೋ ಸಲ ತಾಯಿಯೊಬ್ಬರು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟ ಈ ಒಂದು ಸಾಲು. ಯಾಕೆಂದರೆ ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ರಾತ್ರಿ ಹತ್ತಕ್ಕೆ ಕರೆದೊಯ್ದು ಮರುದಿನ ಸಂಜೆ ಐದಕ್ಕೆ ಬಂಧಿಸಿದೆವು ಎಂದು ಬರೆಯುವ ಅಭ್ಯಾಸ ಇದೆ. ಆ ನಡುವಿನ ಹೊತ್ತಿಗೆ ಲೆಕ್ಕ ಕೇಳುವುದು ನಿಮ್ಮ ಆ ಸಾಲು.

ಆಮೇಲೆ ಠಾಣೆಗೆ ಹೋಗಿ, ಒಬ್ಬರೇ ಬೇಡ. ‘ಅರೆಸ್ಟಾ, ವಿಚಾರಣೆಗೆ ಕರೆದದ್ದಾ?’ ಎಂದು ಕೇಳಿ. ವಿಚಾರಣೆಗೆ ಎಂದರೆ ನೋಟಿಸು ಕೇಳಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸದೆ 35ನೇ ಸೆಕ್ಷನ್ ಪ್ರಕಾರ ನೋಟಿಸು ಕೊಟ್ಟು ಕರೆಯುವುದೇ ಕ್ರಮ. ಸಾಕ್ಷಿಯಾಗಿ ಮಾತಾಡಿಸಲು ಹೆಂಗಸರನ್ನು, 15 ವರ್ಷದೊಳಗಿನವರನ್ನು, 60 ದಾಟಿದವರನ್ನು ಠಾಣೆಗೆ ಬರಲೇಬೇಕು ಎನ್ನುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಅರೆಸ್ಟು ಎಂದರೆ ಅರೆಸ್ಟ್ ಮೆಮೊ ಇರಬೇಕು. ಅದರಲ್ಲಿ ದಿನ, ಹೊತ್ತು, ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿ. ಬಂಧನದ ಕಾರಣವನ್ನು ಬರಹದಲ್ಲಿ ಕೇಳಿ. ಅಕ್ರಮ ಹಣ ವರ್ಗಾವಣೆ ಕಾಯ್ದೆಯ ಕೇಸೊಂದರಲ್ಲಿ 2023ರಲ್ಲಿ, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸೊಂದರಲ್ಲಿ 2024ರಲ್ಲಿ, ಕಾರಣ ಬರೆದು ಕೊಡಲಿಲ್ಲ ಎಂಬ ಒಂದೇ ನೆಲೆಯಲ್ಲಿ ಸುಪ್ರೀಂ ಕೋರ್ಟು ಬಂಧನವನ್ನೇ ರದ್ದು ಮಾಡಿದೆ.

ಬಿಳಿ ಹಾಳೆಗೆ ಸಹಿ ಹಾಕಬೇಡಿ. ಓದಲು ಬರದಿದ್ದರೆ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು. ಠಾಣೆಯಲ್ಲಿ ಗಲಾಟೆ ಮಾಡಬೇಡಿ, ಅದು ಎರಡನೆಯ ಎಫ್‌ಐಆರ್ ಆಗುತ್ತದೆ. ಹೊಡೆದಿದ್ದಾರೆ ಎಂಬ ಅನುಮಾನವಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಂತಾಗ ಬಾಯಿಬಿಟ್ಟು ಹೇಳಲು ತಿಳಿಸಿ. ‘ಏನಾದರೂ ಹೇಳುವುದಿದೆಯಾ?’ ಎಂದು ಅವರು ಕೇಳುವ ಅರ್ಧ ನಿಮಿಷ ದೊಡ್ಡದು. ಠಾಣೆಯ ಸಿಸಿಟಿವಿ ದೃಶ್ಯವನ್ನು ಕಾದಿಡಬೇಕೆಂದು ಅರ್ಜಿ ಹಾಕಿಸಿ. 2020ರ ಪರಮ್‌ವೀರ್ ಸಿಂಗ್ ಸೈನಿ ಆದೇಶದ ಪ್ರಕಾರ ಅದನ್ನು 18 ತಿಂಗಳು, ಏನೇ ಆದರೂ ಒಂದು ವರ್ಷಕ್ಕೆ ಕಡಿಮೆ ಇಲ್ಲದಂತೆ ಇಡಬೇಕು. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬರಬಹುದು. ಬಂದರೆ ಅದನ್ನೂ ಬರಹದಲ್ಲಿ ಪಡೆಯಿರಿ.

ಠಾಣೆಯವರು ‘ನಮ್ಮಲ್ಲಿ ಇಲ್ಲ’ ಎಂದು ಕೈಯಾಡಿಸಿ, ಮನುಷ್ಯ ಎಲ್ಲಿದ್ದಾನೆಂದು ಗೊತ್ತಾಗದೆ ಹೋದರೆ ಅವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬೇಕು. ಆಗ ತಡ ಮಾಡದೆ ಫೋನ್ ಮಾಡಿ, ರಾತ್ರಿಯಾದರೂ ಸರಿ.

6. ವಕೀಲರನ್ನು ಠಾಣೆಯೊಳಗೆ ಬಿಡುವುದಿಲ್ಲ ಅಂತಾರೆ, ನಿಜವಾ?

ಅಂತಾರೆ. ಕಾನೂನು ಹಾಗೆ ಹೇಳುವುದಿಲ್ಲ. ವಿಚಾರಣೆಯ ವೇಳೆ ತನ್ನ ವಕೀಲರನ್ನು ಭೇಟಿ ಮಾಡುವ ಹಕ್ಕು 38ನೇ ಸೆಕ್ಷನ್ನಿನಲ್ಲಿದೆ. ವಿಚಾರಣೆ ಮುಗಿಯುವ ತನಕ ಪಕ್ಕದಲ್ಲೇ ಕೂತಿರುವ ಹಕ್ಕಲ್ಲ, ನಡುವೆ ಮಾತಾಡುವ ಹಕ್ಕು.

ಈ ಸೆಕ್ಷನ್ನಿನ ಬೇರು ಒಂದು ಕಾಗದದಲ್ಲಿದೆ. 1986ರ ಆಗಸ್ಟಿನಲ್ಲಿ ಪಶ್ಚಿಮ ಬಂಗಾಳದ ಲೀಗಲ್ ಏಡ್ ಸರ್ವಿಸಸ್ ಎಂಬ ಸಂಸ್ಥೆಯ ಕಾರ್ಯಾಧ್ಯಕ್ಷ ಡಿ.ಕೆ. ಬಸು, ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ತೋರಿಸಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿಯೆಂದು ತೆಗೆದುಕೊಂಡಿತು. ಹತ್ತು ವರ್ಷ ನಡೆದು 1996ರ ಡಿಸೆಂಬರ್ 18ರಂದು ತೀರ್ಪು ಬಂತು, 11 ಸೂಚನೆಗಳೊಂದಿಗೆ. ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ, ಅರೆಸ್ಟ್ ಮೆಮೊ, ಮನೆಯವರಿಗೆ ಸುದ್ದಿ, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ, ವಕೀಲರ ಭೇಟಿ. ಮೇಲಿನ ಉತ್ತರದಲ್ಲಿ ನಾವು ಹೇಳಿದ್ದರಲ್ಲಿ ಅರ್ಧ ಆ ಕಾಗದದ ಫಲ.

ಬಂಧಿತನಿಗೆ ಮಾತಾಡದೇ ಇರುವ ಹಕ್ಕೂ ಇದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಮಂಪರು ಪರೀಕ್ಷೆ ಒಂದು ಕಾಲಕ್ಕೆ ದೇಶಕ್ಕೆಲ್ಲ ಹೆಸರಾಗಿತ್ತು, ಟಿವಿಯಲ್ಲೂ ಬರುತ್ತಿತ್ತು. ಒಪ್ಪಿಗೆಯಿಲ್ಲದೆ ಸೂಜಿ ಚುಚ್ಚಿ ಬಾಯಿ ಬಿಡಿಸುವುದು ಸಂವಿಧಾನಬಾಹಿರ ಎಂದು 2010ರ ಮೇ 5ರಂದು ಸುಪ್ರೀಂ ಕೋರ್ಟು ಹೇಳಿದ್ದು ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ ಕೇಸಿನಲ್ಲಿ.

7. ಫೀಸು ಎಷ್ಟು?

ಇಂಥ ಗುಂಪುಗಳು ಸಾಮಾನ್ಯವಾಗಿ ಬಡವರಿಂದ ವಕೀಲರ ಫೀಸು ತೆಗೆದುಕೊಳ್ಳುವುದಿಲ್ಲ. ಝೆರಾಕ್ಸು, ಸರ್ಟಿಫೈಡ್ ಕಾಪಿ, ಬಸ್ ಚಾರ್ಜು ನಿಮ್ಮ ಕೈಲಾದರೆ ಕೊಡಿ.

ಆದರೆ ನಮ್ಮ ಹತ್ತಿರ ಬರುವ ಮೊದಲೇ ನಿಮಗೆ ಇನ್ನೊಂದು ಬಾಗಿಲು ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಮತ್ತು ಕಸ್ಟಡಿಯಲ್ಲಿರುವ ಯಾರೇ ಆದರೂ ಉಚಿತ ವಕೀಲರನ್ನು ಕೇಳಬಹುದು. ಇವರಿಗೆ ಆದಾಯದ ಮಿತಿ ಇಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ, ತಾಲ್ಲೂಕಿನಲ್ಲಿ ಸಮಿತಿ ಇರುತ್ತದೆ. ಫೋನು 15100. ‘ಸರ್ಕಾರಿ ವಕೀಲರು, ಸರಿಯಾಗಿ ನೋಡಲ್ಲ’ ಎಂದು ಜನ ಮೂಗು ಮುರಿಯುತ್ತಾರೆ. ಕೆಲವು ಕಡೆ ನಿಜ, ಎಲ್ಲ ಕಡೆ ಅಲ್ಲ. ನಮ್ಮ ಗುಂಪಿನ ಇಬ್ಬರು ಅಲ್ಲಿಂದಲೇ ಕೆಲಸ ಕಲಿತವರು.

8. ಜಾಮೀನು ಆಗಿ ಹದಿನೈದು ದಿನ ಆಯ್ತು. ಇನ್ನೂ ಬಿಟ್ಟಿಲ್ಲ ಯಾಕೆ?

ಶ್ಯೂರಿಟಿ, ಅಂದರೆ ಜಾಮೀನು ನಿಲ್ಲುವವರು, ಸಿಕ್ಕಿರುವುದಿಲ್ಲ. ಪಹಣಿ ಇರುವವರು ಬೇಕು, ಪಹಣಿ ಇರುವವರು ಕೂಲಿಯವನಿಗೆ ಶ್ಯೂರಿಟಿ ನಿಲ್ಲುವುದಿಲ್ಲ. ಆಗ ಕೋರ್ಟಿನ ಮೂಲೆಯಲ್ಲಿ ಬಾಡಿಗೆ ಶ್ಯೂರಿಟಿಯವರು ಕಣ್ಣು ಹೊಡೆಯುತ್ತಾರೆ. ಅವರ ಹತ್ತಿರ ಹೋಗಬೇಡಿ, ಸುಳ್ಳು ದಾಖಲೆಯ ಕೇಸು ನಿಮ್ಮ ಮೇಲೇ ಬೀಳುತ್ತದೆ.

1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆಯವನಿಗೆ 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಅವನ ಸೋದರ ನಿಲ್ಲುತ್ತೇನೆ ಎಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟ್ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಎಂದರು. ಇಷ್ಟು ಹಳೆಯ ತೀರ್ಪನ್ನು ಇವತ್ತೂ ಝೆರಾಕ್ಸ್ ಮಾಡಿ ಕೊಡಬೇಕಾಗಿದೆ. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶವೂ ನೆನಪಿರಲಿ: ಜಾಮೀನಾಗಿ ಏಳು ದಿನದಲ್ಲಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಲೇಬೇಕು. ತಿಳಿಸಿದ್ದಾರೋ ಇಲ್ಲವೋ ಕೇಳಿ. ಇನ್ನು 479ನೇ ಸೆಕ್ಷನ್: ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು ವಿಚಾರಣಾಧೀನ ಕೈದಿಯಾಗಿಯೇ ಕಳೆದವನು, ಮೊದಲ ಸಲ ಅಪರಾಧದ ಆರೋಪ ಹೊತ್ತವನಾದರೆ ಮೂರನೇ ಒಂದು ಕಳೆದವನು, ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೂ ಇದು ಅನ್ವಯಿಸುವುದಿಲ್ಲ.

9. ಬರೀ ಆರೋಪಿಗಳ ಪರವೇನಾ? ಏಟು ತಿಂದವರ ಪರ ಯಾರು?

ಅವರ ಪರವೂ. ನ್ಯಾಯವಾಗಿ ನೋಡಿದರೆ ಅಲ್ಲಿ ನಾವು ಸೋತದ್ದೇ ಹೆಚ್ಚು. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ಊರಲ್ಲಿ, ಅದೇ ಬೀದಿಯಲ್ಲಿ ಬದುಕಬೇಕಾದ ಸಾಕ್ಷಿ ಆರು ವರ್ಷ ಗಟ್ಟಿಯಾಗಿ ನಿಲ್ಲಬೇಕು ಎನ್ನುವುದು ಹೇಳಲು ಸುಲಭ.

ಈಗ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ 15ಎ ಸೆಕ್ಷನ್ ಬಂದಿದೆ. ಜಾಮೀನಿನ ಅರ್ಜಿಯಿಂದ ಹಿಡಿದು ಪ್ರತಿ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕು, ಸಾಕ್ಷಿಗಳಿಗೆ ರಕ್ಷಣೆ, ಪ್ರಯಾಣದ ಖರ್ಚು ಕೊಡಬೇಕು. ವಕೀಲರ ಗುಂಪಿನ ಕೆಲಸ ಇಲ್ಲಿ ವಾದಕ್ಕಿಂತ ಕಾವಲು: ತಾರೀಖು ತಪ್ಪಿಸದೆ ಹೋಗುವುದು, ಸಾಕ್ಷಿಯ ಜೊತೆ ಬಸ್ಸಿನಲ್ಲಿ ಕೂತು ಬರುವುದು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಹಚ್ಚಿದ ಕೇಸಿನಲ್ಲಿ ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

10. ಒಂದು ಪಿಐಎಲ್ ಹಾಕಿಬಿಡಿ ಸಾರ್, ಎಲ್ಲ ಸರಿಹೋಗುತ್ತೆ!

ವಾರಕ್ಕೆ ಎರಡು ಸಲ ಈ ಮಾತು ಕೇಳುತ್ತೇವೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸರ್ವರೋಗಕ್ಕೂ ಮದ್ದಲ್ಲ. ಪೂರ್ವಸಿದ್ಧತೆ ಇಲ್ಲದೆ ಹಾಕಿದರೆ ವಜಾ ಆಗುತ್ತದೆ, ದಂಡವೂ ಬೀಳಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಮುಂದೆ ಸರಿಯಾಗಿ ಹಾಕುವವರ ದಾರಿಗೆ ಕಲ್ಲು.

ಸರಿಯಾಗಿ ಹಾಕಿದಾಗ ಏನಾಗುತ್ತದೆ ಎಂಬುದಕ್ಕೆ 1979ರ ಹುಸೇನಾರಾ ಖಾತೂನ್ ಕೇಸು ಇದೆ. ಬಿಹಾರದ ಜೈಲುಗಳಲ್ಲಿ ಕೆಲವರು ತಮ್ಮ ಅಪರಾಧಕ್ಕೆ ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದರು. ಪತ್ರಿಕೆಯ ವರದಿ ಹಿಡಿದು ವಕೀಲೆ ಕಪಿಲಾ ಹಿಂಗೊರಾನಿ ಸುಪ್ರೀಂ ಕೋರ್ಟಿಗೆ ಹೋದರು. ಸಾವಿರಾರು ಜನ ಹೊರಬಂದರು, ಬೇಗ ವಿಚಾರಣೆ ಮತ್ತು ಉಚಿತ ವಕೀಲರು 21ನೇ ವಿಧಿಯ ಹಕ್ಕಾದವು. ನಮ್ಮ ಹೈಕೋರ್ಟಿನಲ್ಲಿ ಸಂಗಮ ಸಂಸ್ಥೆ ಹಾಕಿದ ಅರ್ಜಿಯಿಂದ 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಬಂತು, ದೇಶದಲ್ಲೇ ಮೊದಲು. ಅದೇ ಸಮುದಾಯದ ಮೇಲಿನ ಪೊಲೀಸ್ ಹಿಂಸೆಯ ಬಗ್ಗೆ ಪಿಯುಸಿಎಲ್ ಕರ್ನಾಟಕ 2001 ಮತ್ತು 2003ರಲ್ಲಿ ಮನೆ ಮನೆ ತಿರುಗಿ ಸತ್ಯಶೋಧನೆಯ ವರದಿ ಮಾಡಿತ್ತು ಎಂಬುದನ್ನು ಮರೆಯಬಾರದು. ಅರ್ಜಿಯ ಹಿಂದೆ ಇಪ್ಪತ್ತು ವರ್ಷದ ತಿರುಗಾಟ ಇರುತ್ತದೆ.

11. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರೆ?

ಕೊಡಿ, ವಕೀಲರೂ ಬೇಕಿಲ್ಲ, ಶುಲ್ಕವೂ ಇಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಅದೇ ವಿಷಯ ಬೇರೆ ಆಯೋಗದ ಮುಂದಿದ್ದರೆ ತೆಗೆದುಕೊಳ್ಳುವುದಿಲ್ಲ. ಆಯೋಗ ಮಾಡುವುದು ಶಿಫಾರಸು, ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ.

12. ವಕೀಲರಿಗೇ ಅಪಾಯ ಇಲ್ಲವಾ?

ಇದೆ. ಮುಂಬೈಯ ಶಾಹಿದ್ ಆಜ್ಮಿ ಏಳು ವರ್ಷದ ವೃತ್ತಿಯಲ್ಲಿ 17 ಜನರ ಖುಲಾಸೆ ಮಾಡಿಸಿದವರು. 2010ರ ಫೆಬ್ರುವರಿ 11ರಂದು ಕುರ್ಲಾದ ಅವರ ಆಫೀಸಿನಲ್ಲೇ ಗುಂಡಿಟ್ಟು ಕೊಂದರು. ಆಗವರಿಗೆ 32. ನಾಗಪುರದ ಸುರೇಂದ್ರ ಗಾಡ್ಲಿಂಗ್ ಮತ್ತು ಛತ್ತೀಸಗಢದ ಸುಧಾ ಭಾರದ್ವಾಜ್ ಇಬ್ಬರೂ 2018ರಲ್ಲಿ ಯುಎಪಿಎ ಅಡಿ ಬಂಧಿತರಾದರು. ಸುಧಾ ಅವರಿಗೆ ಜಾಮೀನು ಸಿಕ್ಕಿದ್ದು ಮೂರು ವರ್ಷ ದಾಟಿದ ಮೇಲೆ, 2021ರ ಡಿಸೆಂಬರಿನಲ್ಲಿ.

1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಒಪ್ಪಿದ ವಕೀಲರ ಪಾತ್ರದ ಮೂಲ ತತ್ವಗಳಲ್ಲಿ 18ನೆಯದು, ವಕೀಲರನ್ನು ಅವರ ಕಕ್ಷಿದಾರರೊಂದಿಗೆ ಅಥವಾ ಕಕ್ಷಿದಾರರ ಉದ್ದೇಶದೊಂದಿಗೆ ಸಮೀಕರಿಸಬಾರದು ಎನ್ನುತ್ತದೆ. ನಮ್ಮಂಥವರ ಮಟ್ಟಿಗೆ ಅಪಾಯ ಎಂದರೆ ಅಷ್ಟು ದೊಡ್ಡದಲ್ಲ: ಬಾಡಿಗೆ ಮನೆ ಖಾಲಿ ಮಾಡಿ ಎನ್ನುವುದು, ಬೇರೆ ಕಕ್ಷಿದಾರರು ಫೈಲು ವಾಪಸ್ ಕೇಳುವುದು. ಆ ತಿಂಗಳು ಗುಂಪಿನ ಉಳಿದವರು ಒಂದೊಂದು ಕೇಸು ಕಳಿಸುತ್ತಾರೆ.

13. ದುಡ್ಡು ಎಲ್ಲಿಂದ ಬರುತ್ತೆ? ವಿದೇಶದಿಂದಲಾ?

ನಮ್ಮಂಥ ಹೆಸರಿಲ್ಲದ ಗುಂಪುಗಳಿಗೆ ಜೀವನಾಂಶದ, ಮೋಟಾರು ಅಪಘಾತದ, ಜಮೀನಿನ ಕೇಸುಗಳ ಸಂಪಾದನೆಯಿಂದ. ದೊಡ್ಡ ಸಂಸ್ಥೆಗಳಲ್ಲಿ ಕೆಲವು ವಿದೇಶಿ ದೇಣಿಗೆ ಪಡೆಯುತ್ತಿದ್ದದ್ದು ಹೌದು, ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಲೆಕ್ಕ ಒಪ್ಪಿಸಬೇಕು. 2016ರಲ್ಲಿ ಲಾಯರ್ಸ್ ಕಲೆಕ್ಟಿವ್‌ನ ನೋಂದಣಿಯನ್ನು ಕೇಂದ್ರ ಸರ್ಕಾರ ರದ್ದು ಮಾಡಿತು, 2019ರಲ್ಲಿ ಸಿಬಿಐ ಕೇಸು ಹಾಕಿತು. ಸಂಸ್ಥೆ ಆರೋಪಗಳನ್ನು ನಿರಾಕರಿಸಿದೆ.

14. ನಾನು ಕಾನೂನು ವಿದ್ಯಾರ್ಥಿನಿ. ಸೇರಬಹುದಾ?

ಬನ್ನಿ. ಮೊದಲ ಆರು ತಿಂಗಳು ವಾದ ಇಲ್ಲ. ಪೊಲೀಸರ ಕೈಬರಹದ ಪಂಚನಾಮೆ ಓದಲು ಕಲಿಯಿರಿ, ಅದೊಂದು ಬೇರೆಯೇ ಲಿಪಿ. ಜೈಲಿನ ಸಂದರ್ಶನಕ್ಕೆ ಬಂದು ಕೂತವರಿಂದ ಸಮಾಧಾನವಾಗಿ ವಿಷಯ ಕೇಳಿ ಬರೆದುಕೊಳ್ಳುವುದನ್ನು ಕಲಿಯಿರಿ. ಕನ್ನಡದಲ್ಲಿ ಹೇಳಿದ ನೋವನ್ನು ಇಂಗ್ಲಿಷ್ ಅಫಿಡವಿಟ್ಟಿಗೆ ತರುವಾಗ ಏನೇನು ಸೋರಿಹೋಗುತ್ತದೆ ಎಂದು ಗಮನಿಸಿ. ತಮಿಳು, ಉರ್ದು, ಲಂಬಾಣಿ ಬಂದರೆ ನಿಮಗೆ ಮೊದಲ ದಿನವೇ ಕೆಲಸ ಇದೆ.

15. ನಿಮ್ಮನ್ನು ನೋಡಲು ಬರುವಾಗ ಏನೇನು ತರಬೇಕು?

ಎಫ್‌ಐಆರ್ ಪ್ರತಿ, ಸಿಗದಿದ್ದರೆ ಠಾಣೆಯ ಹೆಸರು ಮತ್ತು ಕ್ರೈಂ ನಂಬರು. ಅರೆಸ್ಟ್ ಮೆಮೊ, ನೋಟಿಸು ಏನು ಕೊಟ್ಟಿದ್ದರೂ ಅದು. ಬಂಧಿತರ ವಯಸ್ಸಿನ ದಾಖಲೆ, ಅದರಲ್ಲೂ 18 ತುಂಬಿಲ್ಲ ಎನ್ನುವುದಾದರೆ ಶಾಲೆಯ ಟಿಸಿ. ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಚೀಟಿ. ನೀವು ಗಂಟೆ ಬರೆದಿಟ್ಟ ಕ್ಯಾಲೆಂಡರಿನ ಹಾಳೆ, ಹರಿಯದೆ ಇಡೀ ಹಾಳೆ. ಜೊತೆಗೆ ಒಬ್ಬರು ಬಂದರೆ ಒಳ್ಳೆಯದು. ಗಾಬರಿಯಲ್ಲಿ ನಾವು ಹೇಳಿದ್ದರಲ್ಲಿ ಅರ್ಧ ನಿಮಗೆ ನೆನಪಿರುವುದಿಲ್ಲ. ಕೋರ್ಟಿನಲ್ಲಿ ಕೇಸು ಎಷ್ಟು ಹೊತ್ತಿಗೆ ಕೂಗುತ್ತಾರೆ ಎಂದು ಹೇಳಲಾಗದು. ಬೆಳಿಗ್ಗೆ ಏನಾದರೂ ತಿಂದುಕೊಂಡೇ ಬನ್ನಿ.